ಸುಂಟಿಕೊಪ್ಪದಿಂದ ಬೆಂಗಳೂರಿಗೆ ಹೋಗುವುದಾ, ಮೈಸೂರು ಸಾಕಾ? ಮನೆಯಲ್ಲಿ ಮೂರು ಎಕರೆ ತೋಟವೂ ಇದೆ

ಸುಂಟಿಕೊಪ್ಪದವಳು:

ಎಲ್ಲರಿಗೂ ನಮಸ್ಕಾರ. ವಯಸ್ಸು 23, ಬಿ.ಕಾಂ. ಆಗಿದೆ. ಈಗ ಕುಶಾಲನಗರದ ಒಂದು ಆಡಿಟರ್ ಆಫೀಸಿನಲ್ಲಿ ಟ್ಯಾಲಿ, ಜಿಎಸ್‌ಟಿ ರಿಟರ್ನ್ ಕೆಲಸ. ಸಂಬಳ 13,000. ಮನೆಯಿಂದಲೇ ಓಡಾಟ.

ಈಗ ಎರಡು ಆಫರ್ ಕೈಯಲ್ಲಿವೆ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅಕೌಂಟ್ಸ್ ಕೆಲಸ, ವರ್ಷಕ್ಕೆ 4.2 ಲಕ್ಷ ಸಿಟಿಸಿ (ಕಂಪನಿ ನನಗಾಗಿ ಮಾಡುವ ಒಟ್ಟು ಖರ್ಚು), ಅದರಲ್ಲಿ ಶೇ. 10 ವೇರಿಯಬಲ್ ಅಂತೆ. ಇನ್ನೊಂದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯದ್ದು, 2.6 ಲಕ್ಷ. ಮನೆಯಲ್ಲಿ ಮೂರು ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಮೆಣಸಿನ ಬಳ್ಳಿ ಇದೆ. ಅಪ್ಪನಿಗೆ 54, ಮೊಣಕಾಲು ನೋವು ಶುರುವಾಗಿದೆ. ತಮ್ಮ ಎರಡನೇ ಪಿಯು. ಅಮ್ಮ ಹೋಗು ಅನ್ನುತ್ತಾರೆ, ಅಪ್ಪ ಏನೂ ಹೇಳುತ್ತಿಲ್ಲ. ಕಾಫಿಗೆ ಇಷ್ಟು ರೇಟ್ ಇರುವಾಗ ಹೊರಗೆ ಯಾಕೆ ಹೋಗಬೇಕು ಅಂತ ನೆಂಟರು ಹೇಳುತ್ತಿದ್ದಾರೆ.

ನಿಜವಾಗಿ ಕೈಗೆ ಎಷ್ಟು ಬರುತ್ತದೆ, ನಾನಿಲ್ಲದಿದ್ದರೆ ತೋಟದಲ್ಲಿ ಯಾವ ಕೆಲಸ ಕೆಡುತ್ತದೆ, ಆಫರ್ ಒಪ್ಪುವ ಮೊದಲು ಏನು ಕೇಳಬೇಕು ಅನ್ನುವುದನ್ನು ತಿಳಿದವರು ಲೆಕ್ಕ ಸಮೇತ ಹೇಳಿದರೆ ಉಪಕಾರ. ಹತ್ತು ದಿನದಲ್ಲಿ ಉತ್ತರ ಕೊಡಬೇಕು.

ಲೆಕ್ಕದ ಮೇಜು:

ತಂಗಿ, ಸಿಟಿಸಿ ಅಂಕಿಯನ್ನು ಪಕ್ಕಕ್ಕಿಡಿ. ಬ್ಯಾಂಕ್ ಖಾತೆಗೆ ಬೀಳುವ ದುಡ್ಡು ಮಾತ್ರ ನೋಡೋಣ.

4.2 ಲಕ್ಷ ಅಂದರೆ ತಿಂಗಳಿಗೆ 35,000. ಶೇ. 10 ವೇರಿಯಬಲ್ ಅಂದರೆ 3,500 ಮೊದಲೇ ಹೊರಗೆ ಹೋಯಿತು. ಅದು ವರ್ಷದ ಕೊನೆಗೆ ಬಂದರೂ ಬರಬಹುದು, ಅರ್ಧವೂ ಬರಬಹುದು. ಮೂಲ ವೇತನ ಸಿಟಿಸಿಯ ಅರ್ಧ, 17,500 ಅಂದುಕೊಳ್ಳಿ. ಕಂಪನಿ ಕಟ್ಟುವ ಪಿ.ಎಫ್. ಶೇ. 12, ಅಂದರೆ 2,100. ಅದನ್ನೂ ಸಿಟಿಸಿಯಲ್ಲೇ ತೋರಿಸುತ್ತಾರೆ. ಗ್ರಾಚ್ಯುಟಿ ಮೂಲ ವೇತನದ ಶೇ. 4.81, ಸುಮಾರು 842. ಇವೆಲ್ಲ ಕಳೆದರೆ ಪೇಸ್ಲಿಪ್‌ನಲ್ಲಿ ಒಟ್ಟು ಸಂಬಳ 28,558. ಅದರಲ್ಲಿ ನಿಮ್ಮ ಪಾಲಿನ ಪಿ.ಎಫ್. ಮತ್ತೆ 2,100, ವೃತ್ತಿ ತೆರಿಗೆ 200 ಹೋಗುತ್ತದೆ. ಕೈಗೆ ಸಿಗುವುದು 26,250 ಆಸುಪಾಸು. ಗುಂಪು ವಿಮೆಯ ಕಂತನ್ನೂ ಸಿಟಿಸಿಯೊಳಗೆ ಸೇರಿಸಿದ್ದರೆ ಇನ್ನೂ ಸ್ವಲ್ಪ ಇಳಿಯುತ್ತದೆ.

ಮೈಸೂರಿನ 2.6 ಲಕ್ಷ ಅಂದರೆ ತಿಂಗಳಿಗೆ 21,667. ಒಟ್ಟು ಸಂಬಳ 21,000ದ ಒಳಗಿರುವುದರಿಂದ ಇಎಸ್‌ಐ (ನೌಕರರ ರಾಜ್ಯ ವಿಮೆ) ಬರುತ್ತದೆ: ಕಂಪನಿಯದು ಶೇ. 3.25, ನಿಮ್ಮದು ಶೇ. 0.75. ವೃತ್ತಿ ತೆರಿಗೆ ಇಲ್ಲ, ಅದು 25,000ದಿಂದ ಮೇಲಿನ ಸಂಬಳಕ್ಕೆ ಮಾತ್ರ. ಇದೇ ಕ್ರಮದಲ್ಲಿ ಕಳೆದರೆ ಕೈಗೆ 17,750 ಹತ್ತಿರ.

ಈಗ ಖರ್ಚು. ಎಲೆಕ್ಟ್ರಾನಿಕ್ ಸಿಟಿ ಕಡೆ ಇಬ್ಬರು ಹಂಚಿಕೊಳ್ಳುವ ಊಟದ ಪಿ.ಜಿ.ಗೆ ಹೆಚ್ಚುಕಡಿಮೆ 7,000ದಿಂದ 10,000. 8,500 ಹಿಡಿಯಿರಿ. ಹೊರಗಿನ ಊಟ, ಟೀ ತಿಂಡಿಗೆ 3,000, ಓಡಾಟಕ್ಕೆ 1,500, ಬಟ್ಟೆ, ಫೋನು, ಔಷಧಿ, ಊರಿಗೆ ಬಂದುಹೋಗುವುದು ಎಲ್ಲ ಸೇರಿ 3,000. ಒಟ್ಟು 16,000, ಉಳಿಯುವುದು 10,250. ಮೈಸೂರಿನಲ್ಲಿ ಪಿ.ಜಿ. 6,000ದೊಳಗೆ ಸಿಗುತ್ತದೆ, ಉಳಿದದ್ದು ನಾಲ್ಕು ಸಾವಿರದಲ್ಲಿ ಮುಗಿಯುತ್ತದೆ. ಉಳಿಯುವುದು 7,750.

ಕಾಗದದ ಮೇಲೆ ವರ್ಷಕ್ಕೆ 1.6 ಲಕ್ಷ ವ್ಯತ್ಯಾಸ, ಜೇಬಿನಲ್ಲಿ ತಿಂಗಳಿಗೆ ಎರಡೂವರೆ ಸಾವಿರ. ಹಾಗಾಗಿ ಈ ದುಡ್ಡಿನ ಆಸೆಗೆ ಬೆಂಗಳೂರಿಗೆ ಹೋಗುವುದು ಬೇಡ. ಹೋಗುವುದಾದರೆ ಕೆಲಸ ಕಲಿಯುವುದಕ್ಕೆ ಹೋಗಿ. ಅದಕ್ಕೆ ಒಂದು ಪ್ರಶ್ನೆ ಕೇಳಲೇಬೇಕು: ಯಾವ ತಂಡ, ಯಾವ ಶಿಫ್ಟ್? ವೆಂಡರ್ ಬಿಲ್ ಎಂಟ್ರಿ ಮಾತ್ರ ಮಾಡಿಸುವ ತಂಡದಲ್ಲಿ ಎರಡು ವರ್ಷ ಕೂತರೂ ಮುಂದಿನ ಸಂದರ್ಶನದಲ್ಲಿ ಹೇಳಲು ಏನೂ ಇರುವುದಿಲ್ಲ. ಬ್ಯಾಂಕ್ ರಿಕನ್ಸಿಲಿಯೇಶನ್ (ಬ್ಯಾಂಕ್ ಲೆಕ್ಕ ತಾಳೆ ನೋಡುವುದು), ತಿಂಗಳ ಕ್ಲೋಸಿಂಗ್ (ತಿಂಗಳ ಲೆಕ್ಕ ಮುಗಿಸುವುದು), ಜಿಎಸ್‌ಟಿ ಹೊಂದಾಣಿಕೆ ಇರುವ ತಂಡವಾದರೆ ಎರಡನೇ ವರ್ಷದಿಂದ ಸಂಬಳ ಬೇರೆ ದಾರಿ ಹಿಡಿಯುತ್ತದೆ.

ಇನ್ನೊಂದು ಮಾತು. ಯಾವ ಕಂಪನಿಗೂ ಮೂಲ ಅಂಕಪಟ್ಟಿ ಕೊಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ತನ್ನಿ. ಸೇರುವ ಮೊದಲು ತರಬೇತಿಗೆ, ಲ್ಯಾಪ್‌ಟಾಪ್‌ಗೆ ಅಂತ ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ, ಮೋಸ.

ರೊಬಸ್ಟಾ ಕಣ:

ತೋಟದ ಬಗ್ಗೆ ನಾನು ಹೇಳುತ್ತೇನೆ. ಮೂರು ಎಕರೆಗೆ ವರ್ಷವಿಡೀ ಮೂರನೆಯವರೊಬ್ಬರು ಬೇಕಿಲ್ಲ. ಚಿಗುರು ತೆಗೆಯುವುದು, ಕಳೆ, ಗೊಬ್ಬರ, ಮರ ಕಪಾತು, ಮಳೆಗಾಲಕ್ಕೆ ಮೊದಲು ಮೆಣಸಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವುದು, ಇದೆಲ್ಲ ಕೂಲಿಗೆ ಕೊಟ್ಟು ಮಾಡಿಸುವ ಕೆಲಸ. ಒಂದು ವಾರ ಹಿಂದೆ ಮುಂದೆ ಆದರೂ ನಡೆಯುತ್ತದೆ. ಆದರೆ ಮನೆಯವರೇ ನಿಲ್ಲಬೇಕಾದ ಸಮಯ ವರ್ಷದಲ್ಲಿ ಎರಡಿದೆ.

ಒಂದು, ಕುಯ್ಲು ಮತ್ತು ಕಣ. ರೊಬಸ್ಟಾ ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ. ಕುಯ್ದ ಹಣ್ಣನ್ನು ಅದೇ ಸಂಜೆ ತೂಕ ಮಾಡಿ ಬರೆದುಕೊಳ್ಳಬೇಕು, ಏಕೆಂದರೆ ಕೂಲಿ ಕೆ.ಜಿ. ಲೆಕ್ಕ. ರಾಶಿ ಹಾಕಿ ಬಿಟ್ಟರೆ ಒಳಗೆ ಬಿಸಿಯಾಗಿ ಬೂಸ್ಟು ಬರುತ್ತದೆ. ಮರುದಿನವೇ ಕಣದಲ್ಲಿ ತೆಳುವಾಗಿ ಹರಡಿ, ಹಗಲು ಆಗಾಗ ಕೈಯಾಡಿಸಿ, ಸಂಜೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಬೇಕು. ಚೆನ್ನಾಗಿ ಬಿಸಿಲಿದ್ದರೆ ಎರಡು ವಾರದಲ್ಲಿ ಚೆರಿ (ಸಿಪ್ಪೆ ಸಮೇತದ ಹಣ್ಣು) ಒಣಗುತ್ತದೆ. ಕೈಯಲ್ಲಿ ಅಲ್ಲಾಡಿಸಿದಾಗ ಒಳಗಿನ ಬೀಜ ಗಲಗಲ ಅನ್ನಬೇಕು. ತೇವ ಶೇ. 11ಕ್ಕೆ ಇಳಿಯದೆ ಚೀಲ ಕಟ್ಟಿದರೆ ಗೋದಾಮಿನಲ್ಲಿ ಕೆಡುತ್ತದೆ, ವ್ಯಾಪಾರಿ ತೇವಕ್ಕೂ ಔಟ್‌ಟರ್ನ್‌ಗೂ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಸೇರಿಸಿ ರೇಟು ಮುರಿಯುತ್ತಾನೆ. ಕಣದಿಂದ ಕಳ್ಳತನವೂ ಆಗುತ್ತದೆ, ಅದಕ್ಕೇ ರಾತ್ರಿ ಜನ ಬೇಕು.

ಇನ್ನೊಂದು, ಹೂ ಮಳೆ. ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಕನಿಷ್ಠ ಒಂದು ಇಂಚು ಮಳೆ ಒಂದೇ ಸಲಕ್ಕೆ ಬಿದ್ದರೆ ಎಂಟು ಹತ್ತು ದಿನಕ್ಕೆ ಹೂ ಬಿಡುತ್ತದೆ. ಬಾರದಿದ್ದರೆ ಸ್ಪ್ರಿಂಕ್ಲರ್. ಅರ್ಧ ಇಂಚಿಗೆ ನಿಲ್ಲಿಸಿದರೆ ಮೊಗ್ಗು ಅರ್ಧಂಬರ್ಧ ಬಿಚ್ಚಿ ಕಾಯಿ ಕಟ್ಟುವುದಿಲ್ಲ, ಆ ವರ್ಷದ ಫಸಲು ಅಲ್ಲಿಗೆ ಹೋಯಿತು. ಹೂವಾದ ಮೇಲೆ ಇಪ್ಪತ್ತು ದಿನದೊಳಗೆ ಇನ್ನೊಂದು ಮಳೆ ಅಥವಾ ಇನ್ನೊಂದು ಸುತ್ತು ನೀರು ಬೇಕು. ಪಂಪು ಓಡುವಾಗ ಕೆಲವು ಗಂಟೆಗೊಮ್ಮೆ ಪೈಪು ಎತ್ತಿ ಇಡಬೇಕು, ರಾತ್ರಿ ಕರೆಂಟು ಬಂದರೆ ರಾತ್ರಿಯೇ. ಮೊಣಕಾಲು ನೋವಿರುವವರು ಇಳಿಜಾರಿನಲ್ಲಿ ಈ ಕೆಲಸ ಮಾಡಬಾರದು. ಪೈಪು ಹೊರುವುದಕ್ಕೆ ಇಬ್ಬರು ಆಳು ಖಾಯಂ ಮಾತಾಡಿಕೊಳ್ಳಿ.

ನೆಂಟರ ಮಾತಿಗೆ ಬರೋಣ. ರೇಟು ನೋಡಿ ಜೀವನ ತೀರ್ಮಾನ ಮಾಡಬಾರದು. 2021ರಲ್ಲಿ 50 ಕೆ.ಜಿ. ರೊಬಸ್ಟಾ ಚೆರಿ ಚೀಲ 4,000ದ ಒಳಗಿತ್ತು. ವಿಯೆಟ್ನಾಂನಲ್ಲಿ ಬೆಳೆ ಕಡಿಮೆಯಾಗಿ 2024ರಲ್ಲಿ 10,000 ದಾಟಿತು. ಎಕರೆಗೆ 15 ಚೀಲ ಅಂದರೆ ನಿಮ್ಮದು 45 ಚೀಲ. 10,000ಕ್ಕೆ ಕೊಟ್ಟರೆ ನಾಲ್ಕೂವರೆ ಲಕ್ಷ, 3,500ಕ್ಕೆ ಇಳಿದರೆ ಒಂದೂವರೆ ಲಕ್ಷ. ಕೂಲಿ, ಗೊಬ್ಬರ ಕಳೆಯುವ ಮೊದಲಿನ ಲೆಕ್ಕ ಇದು. ಗಿಡ ಅದೇ, ದುಡಿಮೆ ಅದೇ. ಹೀಗೆ ಏರಿಳಿಯುವ ಆದಾಯದ ಮನೆಗೆ ತಿಂಗಳಿಗೆ ಐದಾರು ಸಾವಿರ ತಪ್ಪದೆ ಬರುವ ಹಣ ದೊಡ್ಡ ಆಧಾರ. ಹೋಗುವುದು ತೋಟಕ್ಕೆ ಬೆನ್ನು ತೋರಿಸಿದ ಹಾಗೆ ಅಲ್ಲ. ಅಪ್ಪನಿಗೂ ಈ ಲೆಕ್ಕವನ್ನೇ ತೋರಿಸಿ ಮಾತಾಡಿ, ಅವರು ಸುಮ್ಮನಿರುವುದು ಬಹುಶಃ ಕಣದ ಚಿಂತೆಗೆ.

ಹೆಬ್ಬಾಳ ಎರಡನೇ ಹಂತ:

ಮೈಸೂರಿನ ಪರವಾಗಿ ಎರಡು ಮಾತು, ಮೇಲಿನ ಲೆಕ್ಕದಲ್ಲಿ ಬಾರದೆ ಹೋದದ್ದು.

ಕೊಡಗಿಗೆ ರೈಲಿಲ್ಲ, ಎಲ್ಲ ಬಸ್ಸೇ. ಸುಂಟಿಕೊಪ್ಪದಿಂದ ಮೈಸೂರು 105 ಕಿ.ಮೀ. ಹತ್ತಿರ, ಎರಡೂವರೆ ಮೂರು ಗಂಟೆ. ಶನಿವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸಾಗಬಹುದು, ವಾರವಾರವೂ. ಬೆಂಗಳೂರಿಗೆ ಅದರ ಎರಡರಷ್ಟು ಹೊತ್ತು, ತಿಂಗಳಿಗೊಮ್ಮೆ ಅಂದರೆ ಸರಿ. ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸು ನಿಮಗೆ ಉಚಿತ, ಆಧಾರ್ ಕೈಯಲ್ಲಿರಲಿ. ರಾಜಹಂಸ, ಐರಾವತಕ್ಕೆ ಅದು ಅನ್ವಯಿಸುವುದಿಲ್ಲ. ಮೈಸೂರಿನ ನಗರ ಸಾರಿಗೆಯೂ ಉಚಿತವೇ, ಹಾಗಾಗಿ ಅಲ್ಲಿ ಓಡಾಟದ ಖರ್ಚು ಇಲ್ಲವೇ ಇಲ್ಲ ಅನ್ನಬಹುದು.

ಆಸ್ಪತ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಆದರೆ ಹೃದಯ, ನರದಂಥ ದೊಡ್ಡ ಸಮಸ್ಯೆ ಬಂದರೆ ಮೈಸೂರಿಗೇ ಕಳಿಸುತ್ತಾರೆ. ಜಯದೇವದ ಶಾಖೆಯೂ ಇಲ್ಲಿದೆ. ಅಪ್ಪ ಅಮ್ಮನನ್ನು ಕರೆತಂದಾಗ ನೀವು ಇಲ್ಲೇ ಇರುತ್ತೀರಿ. ಇಎಸ್‌ಐನಲ್ಲಿ ಆಶ್ರಿತ ತಂದೆ ತಾಯಿಗೂ ಚಿಕಿತ್ಸೆ ಉಂಟು. ಆದರೆ ಅವರ ಆದಾಯ ತಿಂಗಳಿಗೆ 9,000 ಮೀರಿರಬಾರದು. ಈಗಿನ ಕಾಫಿ ರೇಟಿಗೆ ನಿಮ್ಮ ಮನೆ ಆ ಮಿತಿಯೊಳಗೆ ಬರುವುದು ಕಷ್ಟ, ಅದನ್ನು ನಂಬಿಕೊಳ್ಳಬೇಡಿ. ಊರಿನ ಸಹಕಾರ ಸಂಘದಲ್ಲಿ ಅಪ್ಪ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ನೋಂದಾಯಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ, ಪ್ರತಿ ವರ್ಷ ನವೀಕರಿಸಬೇಕು.

ಫ್ಯಾಕ್ಟರಿ ಅಕೌಂಟ್ಸ್ ಅಂದರೆ ಕಡೆಗಣಿಸಬೇಡಿ. ಖರೀದಿ, ಸ್ಟೋರ್ಸ್ ದಾಸ್ತಾನು, ಜಾಬ್‌ವರ್ಕ್ ಚಲನ್, ಇ-ವೇ ಬಿಲ್, ವೆಚ್ಚದ ಲೆಕ್ಕ, ಎಲ್ಲವೂ ಒಂದೇ ಮೇಜಿಗೆ ಬರುತ್ತದೆ. ಕಲಿಕೆ ಬೆಂಗಳೂರಿನ ದೊಡ್ಡ ಕಚೇರಿಗಿಂತ ಹೆಚ್ಚಾದರೂ ಆಶ್ಚರ್ಯವಿಲ್ಲ. ಕೊರತೆ ಏನೆಂದರೆ ಎರಡು ವರ್ಷದ ನಂತರ ಕಂಪನಿ ಬದಲಿಸುವುದಾದರೆ ಮೈಸೂರಿನಲ್ಲಿ ಆಯ್ಕೆ ಕಡಿಮೆ.

ಸುಂಟಿಕೊಪ್ಪದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರ ನಿರೀಕ್ಷೆ ಮಾಡಿರಲಿಲ್ಲ. ಬೆಂಗಳೂರಿನವರಿಗೆ ಫೋನ್ ಮಾಡಿ ಕೇಳಿದೆ. ಮೊದಲ ಆರು ತಿಂಗಳು ವೆಂಡರ್ ಬಿಲ್, ಆಮೇಲೆ ತಿಂಗಳ ಕ್ಲೋಸಿಂಗ್ ತಂಡಕ್ಕೆ ಹಾಕುತ್ತೇವೆ ಅಂದರು. ಶಿಫ್ಟ್ ಮಧ್ಯಾಹ್ನ 1ರಿಂದ ರಾತ್ರಿ 10. ಪ್ರೊಬೇಷನ್ ಆರು ತಿಂಗಳು, ನೋಟಿಸ್ ಎರಡು ತಿಂಗಳು. ಮೈಸೂರಿನಲ್ಲಿ ಬೆಳಿಗ್ಗೆ 9ರಿಂದ 5.30, ವಾರಕ್ಕೆ ಆರು ದಿನ. ಮನೆಯಿಂದ ಕೆಲಸ ಮಾಡಲು ಬಿಡುತ್ತೀರಾ ಅಂದಿದ್ದಕ್ಕೆ ಬೆಂಗಳೂರಿನವರು ಪ್ರೊಬೇಷನ್ ಆದ ಮೇಲೆ ನೋಡೋಣ ಅಂದರು.

ದೀಪಾಂಜಲಿನಗರ:

ಶಿಫ್ಟ್ ಗೊತ್ತಾಗಿದ್ದು ಒಳ್ಳೆಯದಾಯಿತು, ಅದರಿಂದ ಪಿ.ಜಿ. ಹುಡುಕುವ ರೀತಿಯೇ ಬದಲಾಗುತ್ತದೆ. ರಾತ್ರಿ 8ರ ನಂತರ ಮಹಿಳೆಯರಿಂದ ಕೆಲಸ ಮಾಡಿಸುವ ಸಂಸ್ಥೆ ಲಿಖಿತ ಒಪ್ಪಿಗೆ ಪಡೆಯಬೇಕು, ಮನೆಗೆ ಬಿಡುವ ವಾಹನವನ್ನೂ ಕೊಡಬೇಕು. ಕ್ಯಾಬ್ ಪಿ.ಜಿ. ಬಾಗಿಲಿಗೇ ಬರುತ್ತದಾ, ಮುಖ್ಯರಸ್ತೆಗೆ ಮಾತ್ರವಾ, ಎಷ್ಟು ಕಿ.ಮೀ. ಒಳಗೆ ಇರಬೇಕು ಅಂತ ಇಮೇಲ್‌ನಲ್ಲಿ ಕೇಳಿ. ಪಿ.ಜಿ.ಯವರ ಹತ್ತಿರ ಗೇಟ್ ಎಷ್ಟು ಗಂಟೆಗೆ ಹಾಕುತ್ತಾರೆ, ರಾತ್ರಿ 10.45ಕ್ಕೆ ಬಂದವರಿಗೆ ಊಟ ಎತ್ತಿಡುತ್ತಾರಾ ಅಂತ ಕೇಳಿ. ಎತ್ತಿಡುವುದಿಲ್ಲ ಅಂದರೆ ಊಟದ ಖರ್ಚು ಮೇಲಿನ ಲೆಕ್ಕಕ್ಕಿಂತ ತಿಂಗಳಿಗೆ ಎರಡು ಸಾವಿರ ಜಾಸ್ತಿ.

ಮೊದಲ ಮೂರು ತಿಂಗಳು ಪಿ.ಜಿ. ಮಾತ್ರ, ಬಾಡಿಗೆ ಮನೆಗೆ ಕೈಹಾಕಬೇಡಿ. ಮನೆಗೆ ಐದಾರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಾರೆ, ಕೆಲವರು ಹತ್ತೂ ಕೇಳುತ್ತಾರೆ. ಬಿಡುವಾಗ ಬಣ್ಣಕ್ಕೆ ಅಂತ ಒಂದು ತಿಂಗಳದ್ದು ಹಿಡಿಯುತ್ತಾರೆ. ಕೆಲಸ ಹಿಡಿಸದೆ ನಾಲ್ಕನೇ ತಿಂಗಳಿಗೆ ವಾಪಸ್ ಹೊರಟರೆ ಆ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಪಿ.ಜಿ.ಯಲ್ಲಿ ಒಂದು ತಿಂಗಳ ಮುಂಗಡ, ಒಂದು ತಿಂಗಳ ನೋಟಿಸ್. ಅದರಲ್ಲಿ ನಿರ್ವಹಣೆಗೆ ಎಷ್ಟು ಮುರಿದುಕೊಳ್ಳುತ್ತಾರೆ ಅನ್ನುವುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ.

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಒಂದು ದಿನ ಬಂದು ನೋಡಿ. ಮೈಸೂರು ರಸ್ತೆ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದರೆ ದೀಪಾಂಜಲಿ ನಗರ ಮೆಟ್ರೋ ಪಕ್ಕದಲ್ಲೇ. ಅಲ್ಲಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿಂದ ಹಳದಿ ಮಾರ್ಗದಲ್ಲಿ ಎಲೆಕ್ಟ್ರಾನಿಕ್ ಸಿಟಿ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಲ್ಲುವ ಕಷ್ಟ ತಪ್ಪಿದೆ. ಪಿ.ಜಿ.ಯಲ್ಲಿ ನಲ್ಲಿ ಬಿಟ್ಟು ನೋಡಿ, ಕಾವೇರಿ ಕನೆಕ್ಷನ್ ಇದೆಯಾ, ಬೋರ್ ಮತ್ತು ಟ್ಯಾಂಕರ್ ಮಾತ್ರವಾ ಕೇಳಿ. 2024ರ ಬೇಸಿಗೆಯಲ್ಲಿ ಬೋರ್ ನಂಬಿದ್ದ ಕಡೆ ದೊಡ್ಡ ಪರದಾಟವಾಯಿತು. ಅದೇ ವರ್ಷ ಬಿಬಿಎಂಪಿ ಪಿ.ಜಿ.ಗಳಿಗೆ ಒಬ್ಬರಿಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಅಡುಗೆಗೆ ಆಹಾರ ಸುರಕ್ಷತಾ ಪರವಾನಗಿ ಅಂತ ನಿಯಮ ಮಾಡಿತು. ಪರವಾನಗಿ ಪತ್ರ ಗೋಡೆಯ ಮೇಲಿದೆಯಾ ನೋಡಿದರೆ ಸಾಕು, ಉಳಿದದ್ದು ತಿಳಿಯುತ್ತದೆ.

ಕೈಯಲ್ಲಿ 30,000 ಇಟ್ಟುಕೊಂಡು ಹೊರಡಿ. ಮುಂಗಡ ಮತ್ತು ಮೊದಲ ತಿಂಗಳದ್ದು ಸೇರಿ 17,000, ಹಾಸಿಗೆ ಬಕೆಟ್ಟು ಅಂತ 3,000, ಉಳಿದದ್ದು ಸಂಬಳ ಬರುವವರೆಗೆ. ತಿಂಗಳ 20ನೇ ತಾರೀಖು ದಾಟಿ ಸೇರಿದರೆ ಎಷ್ಟೋ ಕಡೆ ಆ ದಿನಗಳ ಸಂಬಳ ಮುಂದಿನ ತಿಂಗಳಿಗೆ ಹೋಗುತ್ತದೆ. ಸಾಧ್ಯವಾದಷ್ಟೂ 1ನೇ ತಾರೀಖಿಗೇ ಸೇರಿ.

ಲೆಕ್ಕದ ಮೇಜು:

ನನ್ನ ಅಭಿಪ್ರಾಯ ಕೇಳಿದರೆ, ಆರು ತಿಂಗಳ ನಂತರ ಕ್ಲೋಸಿಂಗ್ ತಂಡ ಅನ್ನುವ ಮಾತು ಇಮೇಲ್‌ನಲ್ಲಿ ಬಂದರೆ ಬೆಂಗಳೂರು. ಬಾಯಿಮಾತು ಮಾತ್ರ ಅಂದರೆ ಮೈಸೂರು. ಫೋನಿನಲ್ಲಿ ಮಾತಾಡಿದ ಮೇಲೆ ನೀವೇ ಒಂದು ಇಮೇಲ್ ಹಾಕಿ: ಇವತ್ತು ಮಾತಾಡಿದ ಪ್ರಕಾರ ತಂಡ, ಶಿಫ್ಟ್, ಕ್ಯಾಬ್, ವೇರಿಯಬಲ್ ಪಾವತಿಯ ತಿಂಗಳು ಇವು, ಸರಿಯೇ ಅಂತ. ಸರಿ ಎಂಬ ಒಂದು ಸಾಲು ಬಂದರೂ ಸಾಕು.

ಪ್ರೊಬೇಷನ್‌ನಲ್ಲಿ ಬಿಡುವುದಾದರೂ ಎರಡು ತಿಂಗಳ ನೋಟಿಸ್ಸೇ, ಕಡಿಮೆಯೇ ಅನ್ನುವುದನ್ನೂ ಸೇರಿಸಿ. ಬಹಳ ಕಡೆ ಪ್ರೊಬೇಷನ್‌ಗೆ ಬೇರೆ ಲೆಕ್ಕ ಇರುತ್ತದೆ. ಹಿಡಿಸದಿದ್ದರೆ ವಾಪಸ್ ಬರುವ ದಾರಿ ಅದೇ.

ರಜೆ ವಿಷಯ. ನಮ್ಮ ಕೆಲಸದಲ್ಲಿ ಟಿಡಿಎಸ್ (ಪಾವತಿ ಮಾಡುವಾಗಲೇ ಕಡಿದ ತೆರಿಗೆ) ಕಟ್ಟಲು 7, ಜಿಎಸ್‌ಟಿ ರಿಟರ್ನ್‌ಗಳಾದ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20ನೇ ತಾರೀಖು. ಜನವರಿ 31 ಮೂರನೇ ತ್ರೈಮಾಸಿಕದ ಟಿಡಿಎಸ್ ರಿಟರ್ನ್. ಹಾಗಾಗಿ ಕುಯ್ಲಿಗೆ ಬರುವುದಾದರೆ ಜನವರಿ 21ರಿಂದ 27ರವರೆಗೆ ಕೇಳಿ, ಗಣರಾಜ್ಯೋತ್ಸವದ ರಜೆಯೂ ಸೇರುತ್ತದೆ. ಮಾರ್ಚ್ ಕೊನೆಯ ವಾರ ಯಾವ ಅಕೌಂಟ್ಸ್ ವಿಭಾಗದಲ್ಲೂ ರಜೆ ಸಿಗುವುದಿಲ್ಲ. ಹೂ ನೀರಿಗೆ ನೀವು ಬರುತ್ತೀರಿ ಅಂತ ಅಪ್ಪ ನಂಬಿಕೊಂಡಿರುವುದು ಬೇಡ, ಈಗಲೇ ಹೇಳಿಬಿಡಿ.

ಮನೆಯಿಂದ ಕೆಲಸ ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟೂ ಫೈಬರ್ ತಂತಿಯೂ ಒಟ್ಟಿಗೆ ಹೋಗುವ ಊರು ನಮ್ಮದು. ರೌಟರ್‌ಗೆ ಸಣ್ಣ ಯುಪಿಎಸ್ ಹಾಕಿದರೆ ಕರೆಂಟು ಹೋದಾಗ ಮೂರು ನಾಲ್ಕು ಗಂಟೆ ತಳ್ಳಬಹುದು, ತಂತಿಯೇ ತುಂಡಾದರೆ ಏನೂ ಮಾಡಲಾಗುವುದಿಲ್ಲ.

ರೊಬಸ್ಟಾ ಕಣ:

ತಮ್ಮ ಎರಡನೇ ಪಿಯು ಅಂದಿರಿ. ಪರೀಕ್ಷೆ ಬರುವುದೂ ಮಾರ್ಚ್‌ನಲ್ಲೇ, ಹೂ ನೀರಿನ ಸಮಯಕ್ಕೇ. ಈ ವರ್ಷ ಅವನನ್ನು ಪೈಪು ಎಳೆಯಲು ಕರೆಯಬೇಡಿ. ಮೆಣಸು ಕುಯ್ಲೂ ಅದೇ ಹೊತ್ತಿಗೆ ಶುರುವಾಗುವುದರಿಂದ ಏಣಿ ಹತ್ತುವವರಿಗೂ ಪೈಪಿನವರಿಗೂ ಬೇಡಿಕೆ ಒಟ್ಟಿಗೆ. ಅಕ್ಕಪಕ್ಕದ ತೋಟದವರ ಜೊತೆ ಸೇರಿ ಪಂಪ್‌ಸೆಟ್ ಬಾಡಿಗೆಗೆ ಹಿಡಿಯುವುದಾದರೆ ಯಾರ ತೋಟಕ್ಕೆ ಯಾವ ದಿನ, ಡೀಸೆಲ್ ಯಾರದು, ಆಳಿನ ಊಟ ಯಾರದು ಅನ್ನುವುದನ್ನು ಅಪ್ಪ ಜನವರಿಯಲ್ಲೇ ಮಾತಾಡಿ ಮುಗಿಸಲಿ. ಫೆಬ್ರವರಿ ಕೊನೆಗೆ ಮಳೆ ಕೈಕೊಟ್ಟರೆ ಊರಿಡೀ ಒಂದೇ ವಾರದಲ್ಲಿ ಪೈಪು ಹುಡುಕುತ್ತಿರುತ್ತದೆ, ಆಗ ಹೇಳಿದ್ದೇ ಬಾಡಿಗೆ.